ಸದ್ದು ತೆಗೆಯುತ್ತಿದ್ದ ಮೇಸ್ತ್ರಿ

ನಮ್ಮ ಮನೆಯ ಎದುರಿನ ಅಂಗಡಿಯ ಮುಂದೆ, ರಸ್ತೆ ಬದಿಯ ಕಲ್ಲುಹಾಸಿನ ಮೇಲೆ, ಒಂದು ಕಾರಿನ ಹಿಂದಿನ ಸೀಟು ಇತ್ತು. ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಸೀಟನ್ನು ಮಾತ್ರ ಮೇಸ್ತ್ರಿ ಬಿಚ್ಚಿ ಉಳಿಸಿಕೊಂಡು, ಕೆಳಗೆ ಇಟ್ಟಿಗೆ ಕೊಟ್ಟು ಬೆಂಚು ಮಾಡಿದ್ದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದರ ಮೇಲೆ ಸಭೆ ಕೂಡುತ್ತಿತ್ತು. ಚರ್ಚೆಯ ವಿಷಯ ಪ್ರತಿವಾರವೂ ಒಂದೇ: ಹೊಸದಾಗಿ ಬಂದ ಕಾರು ಯಾವುದು, ಅದರಲ್ಲಿ ಏನನ್ನು ಹಾಳುಮಾಡಿದ್ದಾರೆ.

ಮೇಸ್ತ್ರಿ ಕಾರುಗಳ ವೈರಿಂಗ್ ಕೆಲಸದವನು. ಎಂಜಿನ್ನಿಗೆ ಅವನು ಕೈ ಹಾಕುತ್ತಿರಲಿಲ್ಲ. ಬ್ಯಾಟರಿ, ದೀಪ, ಹಾರ್ನು, ಫ್ಯೂಸು, ಕಣ್ಣಿಗೆ ಕಾಣದಂತೆ ಎಲ್ಲೋ ತುಂಡಾದ ತಂತಿ, ಇಷ್ಟು ಅವನ ರಾಜ್ಯ. ನನ್ನ ಹಳೆಯ ಕಾರನ್ನು ಇಪ್ಪತ್ತಾರು ವರ್ಷ ಅವನೇ ನೋಡಿಕೊಂಡ. ಒಂದು ಸಲವೂ ಅದು ನನ್ನನ್ನು ದಾರಿಯಲ್ಲಿ ಬಿಡಲಿಲ್ಲ. ಅವನು ಕೆಲಸ ಬಲ್ಲವನು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಬರುವ ತಪ್ಪು ಕೆಲಸ ಗೊತ್ತಿಲ್ಲದವನು ಮಾಡಿದ ತಪ್ಪಲ್ಲ.

ಸಭೆಗೆ ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು ಹಲ್ಲಿನ ಡಾಕ್ಟರು. ವಾರದಲ್ಲಿ ಆರು ದಿನ, ಉತ್ತರ ಕೊಡಲಾಗದಂತೆ ಬಾಯಿ ತೆರೆದು ಮಲಗಿದವರ ಎದುರು ಮಾತಾಡಿ ಅವರಿಗೆ ಅಭ್ಯಾಸವಾಗಿತ್ತು. ಏಳನೆಯ ದಿನ ಯಾರಾದರೂ ಎದುರು ಮಾತಾಡಿದರೆ ಆಶ್ಚರ್ಯಪಡುತ್ತಿದ್ದರು. ಇನ್ನೊಬ್ಬ ನಿವೃತ್ತ ಬಸ್ ಡ್ರೈವರ್. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ತುಳಿಯದವನು ಡ್ರೈವರೇ ಅಲ್ಲ ಎಂಬುದು ಅವನ ಮತವಾದ್ದರಿಂದ ಎಲ್ಲರೂ ಅವನನ್ನು ಡಬಲ್ ಕ್ಲಚ್ ಎನ್ನುತ್ತಿದ್ದರು.

"ಡಾಕ್ಟ್ರೇ, ಹೊಸದರಲ್ಲಿ ಸ್ಟೆಪ್ನಿನೇ ಇಲ್ವಂತೆ," ಎಂದು ಅವನು ಶುರುಮಾಡುತ್ತಿದ್ದ.

"ಸ್ಟೆಪ್ನಿ ಇಲ್ವೇ? ಪಂಕ್ಚರ್ ಆದ್ರೆ?"

"ಒಂದು ಡಬ್ಬಿ ಕೊಡ್ತಾರಂತೆ. ಟೈರೊಳಗೆ ಗೋಂದು ಊದಿ, ದೇವರ ಮೇಲೆ ಭಾರ ಹಾಕಿ ಹೋಗ್ತಾ ಇರೋದು."

"ಹ್ಯಾಂಡ್‌ಬ್ರೇಕೂ ಹೋಯ್ತಲ್ಲಪ್ಪ. ಒಂದು ಗುಂಡಿ ಒತ್ತಬೇಕಂತೆ, ಲಿಫ್ಟಿನ ಥರ. ಹ್ಯಾಂಡ್‌ಬ್ರೇಕ್ ಅಂದ್ರೆ ಎಳೆದಾಗ ಕರಕರ ಅನ್ಬೇಕು. ಆಗ ನಿಲ್ತು ಅಂತ ಮನಸ್ಸಿಗೆ ಸಮಾಧಾನ."

"ಫ್ಯಾನ್ ಜೋರು ಮಾಡೋಕೂ ಟಿವಿ ಮುಟ್ಟಬೇಕು. ರಸ್ತೆ ನೋಡೋದೋ, ಟಿವಿ ನೋಡೋದೋ?"

ಮೇಸ್ತ್ರಿ ಬಾನೆಟ್ಟಿನೊಳಗಿಂದ ತಲೆಯೆತ್ತದೆ ತೀರ್ಪು ಕೊಡುತ್ತಿದ್ದ: "ಮುಂಚೆ ಕಾರು ನಮ್ಮ ಮಾತು ಕೇಳ್ತಿತ್ತು ಸಾರ್. ಈಗ ನಾವು ಅದರ ಮಾತು ಕೇಳ್ಬೇಕು."

ಈ ದೂರುಗಳಲ್ಲಿ ಕೆಲವು ನ್ಯಾಯವಾದವೇ. ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗುತ್ತಿದ್ದ ತಿರುಗುಗುಂಡಿಯನ್ನು ಕಿತ್ತು ಗಾಜಿನ ಪರದೆ ಕೂರಿಸಿದವನಿಗೆ ಬುದ್ಧಿ ಇತ್ತೆಂದು ನಾನೂ ಹೇಳಲಾರೆ. ಆದರೆ ಬೆಂಚಿನ ಮೇಲೆ ನ್ಯಾಯವಾದದ್ದಕ್ಕೂ ಅಲ್ಲದ್ದಕ್ಕೂ ಒಂದೇ ಚಪ್ಪಾಳೆ. ಅವರು ಬಯ್ಯುತ್ತಿದ್ದದ್ದು ಹೊಸತನ್ನು, ಅಷ್ಟೇ.

ಅಲ್ಲಿ ಅವರಿಗೆ ಎದುರು ಹೇಳುತ್ತಿದ್ದವಳು ಮೇಸ್ತ್ರಿಯ ತಂಗಿ ಒಬ್ಬಳೇ.

ತಾಯಿ ಮೊದಲೇ ಹೋಗಿದ್ದಳು. ತಂದೆ ತೀರಿಕೊಂಡಾಗ ಮೇಸ್ತ್ರಿಗೆ ಇಪ್ಪತ್ತು, ತಂಗಿಗೆ ಏಳು. ಅವನು ಆಗ ಒಂದು ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶಾಲೆ ಬಿಟ್ಟ ಮೇಲೆ ಅವಳನ್ನು ಬಿಡಲು ಬೇರೆ ಜಾಗವಿರಲಿಲ್ಲ. ಅಂಗಡಿಯ ಹಿಂದೆ ಯಾರೋ ಬಿಟ್ಟುಹೋದ ಕಾರೊಂದು ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಕೂತು ಅವಳು ಲೆಕ್ಕ ಮಾಡಿದಳು, ಊಟ ಮಾಡಿದಳು, ಜ್ವರ ಬಂದಾಗ ಮುದುಡಿ ಮಲಗಿದಳು. ಕಲ್ಲುಹಾಸಿನ ಮೇಲಿದ್ದದ್ದು ಆ ಸೀಟು. ಒಂಬತ್ತು ವರ್ಷಕ್ಕೇ ಅವಳು, ಕಾರು ಸ್ಟಾರ್ಟ್ ಆಗುವ ಸದ್ದು ಕೇಳಿ, "ಅಣ್ಣ, ಇದರ ಬ್ಯಾಟ್ರಿ ಇನ್ನು ಒಂದು ವಾರ," ಎನ್ನುತ್ತಿದ್ದಳಂತೆ. ಇದನ್ನು ಅವನು ನನಗೆ ಹತ್ತು ಸಲವಾದರೂ ಹೇಳಿದ್ದಾನೆ. ಮೇಸ್ತ್ರಿ ಮದುವೆಯಾಗಲಿಲ್ಲ. ಮೊದಲು ತಂಗಿ ಓದಲಿ ಎಂದ. ಆಮೇಲೆ ತಂಗಿಯ ಮದುವೆ ಮುಗಿಯಲಿ ಎಂದ. ಆಮೇಲೆ ಕೇಳುವವರು ಕೇಳುವುದನ್ನು ನಿಲ್ಲಿಸಿದರು.

ಅವಳು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮನೆಮನೆಗೆ ಹೋಗಿ, ಲ್ಯಾಬಿಗೆ ಬರಲಾಗದ ಮುದುಕರ, ಹಾಸಿಗೆ ಹಿಡಿದವರ ರಕ್ತ ತೆಗೆದು ತರುವುದು ಅವಳ ಪಾಲಿನ ಕೆಲಸ. ನನ್ನದನ್ನೂ ಅವಳೇ ತೆಗೆಯುತ್ತಿದ್ದಳು. ಸೂಜಿ ಹೋದದ್ದೂ ಗೊತ್ತಾಗುತ್ತಿರಲಿಲ್ಲ, ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಗಂಡ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕ, ಮೆಲುಮಾತಿನವನು. ಒಬ್ಬಳೇ ಮಗಳು, ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿದ್ದಳು. ಭಾನುವಾರ ಸಭೆ ಮುಗಿದ ಮೇಲೆ ಮೇಸ್ತ್ರಿಯ ಊಟ ತಂಗಿಯ ಮನೆಯಲ್ಲಿ. ಊಟವಾದ ಮೇಲೆ ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಖಾಲಿ ಮೈದಾನದಲ್ಲಿ ಕಾರು ಕಲಿಸುವುದು. "ಮಾವ, ಎರಡು ಸಲ ಕ್ಲಚ್ ತುಳೀಬೇಕಾ?" ಎಂದು ಅವಳು ಬೇಕೆಂದೇ ಕೇಳುವಳು, ಅವನು ಬೇಕೆಂದೇ ಸಿಟ್ಟಾಗುವನು. ಅವನಿಗೆ ಇದ್ದ ಸಂಸಾರ ಇಷ್ಟು.

ಎರಡು ವರ್ಷದ ಹಿಂದೆ ತಂಗಿ ಹೊಸ ಕಾರು ಕೊಂಡಳು. ಅಣ್ಣನನ್ನು ಕೇಳದೆ, ತಾನೇ ನಾಲ್ಕು ಷೋರೂಮು ಸುತ್ತಿ ಆರಿಸಿದ್ದಳು. ಬೆಂಚಿನ ಮೇಲೆ ವಿಚಾರಣೆ ನಡೆಯಿತು.

"ಆರು ಏರ್‌ಬ್ಯಾಗ್ ಇದೆ ಅಂತ ತಗೊಂಡ್ಯೇನಮ್ಮ?" ಎಂದರು ಡಾಕ್ಟರು. "ಗುದ್ದಿಸ್ಕೊಳ್ಳೋದು ಅಂತ ತೀರ್ಮಾನ ಮಾಡಿಯೇ ಹೊರಟಿದ್ದೀಯಾ?"

"ನಿಮ್ಮ ಹತ್ರ ಹಲ್ಲು ಕೀಳಿಸ್ಕೊಳ್ಳೋಕೆ ಬರೋರು ಮೊದ್ಲು ಇಂಜೆಕ್ಷನ್ ಕೇಳಲ್ವಾ ಸಾರ್? ಹಾಗೇನೇ."

ಡಬಲ್ ಕ್ಲಚ್ ತೊಡೆ ತಟ್ಟಿಕೊಂಡು ನಕ್ಕ. ಮೇಸ್ತ್ರಿ ಮಾತ್ರ ಹೊಸ ಕಾರಿನ ಸುತ್ತ ಒಂದು ಸುತ್ತು ಬಂದು, ಒಳಗೆ ಕೂತು, ಕೀಲಿ ಇಲ್ಲದ ಕಾರಿನ ಗುಂಡಿ ಒತ್ತಿ, ಅದು ಒಂದಾದ ಮೇಲೊಂದು ಕೂಗಿದ್ದನ್ನು ಕೇಳಿ ಕೆಳಗಿಳಿದ.

"ಇದು ಕಾರಲ್ಲಮ್ಮ, ಅತ್ತೆ. ಬಾಗಿಲು ಹಾಕು, ಬೆಲ್ಟ್ ಹಾಕು, ಗೆರೆ ದಾಟಬೇಡ, ನಿದ್ದೆ ಬಂತಾ, ಕಾಫಿ ಕುಡಿ! ಹೇಗೆ ಬಾಳ್ತೀಯಾ ಇದರ ಜೊತೆ?"

"ನನ್ನ ಅತ್ತೆ ಒಳ್ಳೆಯವರೇ ಇದ್ರು ಅಣ್ಣ, ಸುಮ್ನೆ ಅವರ ಹೆಸರು ಕೆಡಿಸ್ಬೇಡ," ಎಂದಳು ಅವಳು. "ಬೆಳಿಗ್ಗೆ ಇಪ್ಪತ್ತು ಮನೆ. ಎರಡು ಬೀದಿ ಹೋದ್ರೆ ಇಳೀಬೇಕು, ಮತ್ತೆ ಹತ್ಬೇಕು. ತಲೇಲಿ ಯಾರ ಸಕ್ಕರೆ, ಯಾರ ಉಪವಾಸದ ರಕ್ತ ಅಂತ ಓಡ್ತಿರುತ್ತೆ. ನಾನು ಮರೀತೀನಿ, ಅದು ಮರೆಯಲ್ಲ. ದುಡ್ಡು ಕೊಟ್ಟಿದ್ದೇ ಅದಕ್ಕೆ."

ಅವಳು ಹೇಳಿದ್ದು ಅಕ್ಷರಶಃ ನಿಜ. ಹತ್ತಿ ಕೂತು, ಗುಂಡಿ ಒತ್ತಿ, ಹೊರಡುವಳು. ಹತ್ತು ಮಾರು ಹೋಗುವಷ್ಟರಲ್ಲಿ ಕಾರು ಕೂಗುವುದು. ಆಗ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ಬೆಲ್ಟ್ ಎಳೆದುಕೊಳ್ಳುವಳು. ದಿನಕ್ಕೆ ಇಪ್ಪತ್ತು ಸಲ. ಅದು ಮರೆವೂ ಅಲ್ಲ, ಅಸಡ್ಡೆಯೂ ಅಲ್ಲ; ಕಾರಿಗೂ ಅವಳಿಗೂ ಆದ ಒಪ್ಪಂದ. ಮಗಳು ಪಕ್ಕದಲ್ಲಿದ್ದರೆ ಮಾತ್ರ, "ಮೊದ್ಲು ಬೆಲ್ಟ್ ಹಾಕು, ಆಮೇಲೆ ಮಾತು," ಎಂದು ಅವಳಿಗೆ ಗದರುವಳು. ಈ ರೂಢಿ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಆಡಿಕೊಂಡು ನಗುತ್ತಲೂ ಇದ್ದ.

ಇಷ್ಟರಲ್ಲಿ ಮೇಸ್ತ್ರಿಯ ಹೆಸರು ಬೇರೊಂದು ಕಾರಣಕ್ಕೆ ಹಬ್ಬಿತ್ತು. ಡಾಕ್ಟರು ಕಡೆಗೂ ಒಂದು ಹೊಸ ಕಾರು ಕೊಂಡಿದ್ದರು. ಕೊಂಡ ಮೂರನೆಯ ದಿನವೇ, "ಇದರ ಬಾಯಿ ಮುಚ್ಚಿಸಯ್ಯ," ಎಂದು ತಂದು ನಿಲ್ಲಿಸಿದರು. ಮೇಸ್ತ್ರಿಯ ಬಳಿ ಅಂಗೈಯಗಲದ ಒಂದು ಸ್ಕ್ಯಾನರ್ ಇತ್ತು. ಸ್ಟಿಯರಿಂಗ್ ಕೆಳಗಿನ ತೂತಿಗೆ ಅದರ ತಂತಿ ಸಿಕ್ಕಿಸಿದರೆ ಕಾರಿನ ಒಳಗಿನ ಕಂಪ್ಯೂಟರು ಅದರ ಪರದೆಯ ಮೇಲೆ ತೆರೆದುಕೊಳ್ಳುತ್ತಿತ್ತು. ಕೆಟ್ಟದ್ದನ್ನು ಹುಡುಕಲು ಮಾಡಿದ ಯಂತ್ರ ಅದು. ಅವನು ಅದರಿಂದ ಸರಿಯಿದ್ದದ್ದನ್ನು ನಿಲ್ಲಿಸಲು ಕಲಿತ. ಬೆಲ್ಟಿನ ಸದ್ದು, ಗೆರೆ ದಾಟಿದಾಗಿನ ಸದ್ದು, ಬಾಗಿಲಿನ ಸದ್ದು, ಒಂದೊಂದರ ಮುಂದಿನ ಗುರುತು ತೆಗೆದರೆ ಮುಗಿಯಿತು. ಹೊಸ ಕಾರು ಕೊಂಡವರು ವಾರದೊಳಗೆ ಅವನ ಅಂಗಡಿಗೆ ಬರತೊಡಗಿದರು. ಸೈಲೆಂಟ್ ಮೇಸ್ತ್ರಿ ಎಂದು ಹೆಸರಾಯಿತು. ನಾನು ಒಮ್ಮೆ, "ಯಾರೋ ಯೋಚನೆ ಮಾಡಿಯೇ ಅದನ್ನು ಇಟ್ಟಿರುತ್ತಾರಲ್ಲ," ಎಂದೆ. "ಯೋಚನೆ ಮಾಡೋರು ಮಾಡ್ಲಿ ಮೇಡಂ, ಓಡಿಸೋರಿಗೆ ತಲೆ ಚಿಟ್ಟು ಹಿಡೀಬಾರದಲ್ಲ," ಎಂದ. ನನ್ನ ಕಾರು ಕೂಗುವ ಕಾಲದ್ದಲ್ಲ. ನನಗೆ ಅದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ.

ಆ ಭಾನುವಾರ ತಂಗಿ ಬಂದಾಗ ಸಭೆ ತುಂಬಿತ್ತು. ಅವಳು ಕೆಲಸದ ಚೀಲವನ್ನು ತೋರಿಸಿ, "ಅಣ್ಣ, ಇದಕ್ಕೊಂದು ದಾರಿ ಮಾಡು," ಎಂದಳು. ಸೂಜಿ, ಖಾಲಿ ಕೊಳವೆ, ಹತ್ತಿ, ರಿಜಿಸ್ಟರು ತುಂಬಿದ ಚೀಲ. ಅದನ್ನು ಮುಂದೆ, ಪಕ್ಕದ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು. ರಕ್ತ ತುಂಬಿದ ಕೊಳವೆಗಳ ಪೆಟ್ಟಿಗೆ ಬೇರೆ. ಅದು ಹಿಂದಿನ ಸೀಟಿನಲ್ಲಿ, ಉರುಳದಂತೆ ಬೆಲ್ಟ್ ಹಾಕಿಸಿಕೊಂಡು ಕೂತಿರುತ್ತಿತ್ತು.

"ನಾಲ್ಕು ಕೆಜಿ ಇದೆ. ಕಾರು ಇದನ್ನ ಮನುಷ್ಯ ಅಂದ್ಕೊಂಡಿದೆ. ನನ್ನ ಬೆಲ್ಟ್ ಹಾಕಿದ್ಮೇಲೂ ಚೀಲಕ್ಕೆ ಹಾಕು, ಚೀಲಕ್ಕೆ ಹಾಕು ಅಂತ ಒಂದೇ ಸಮ."

"ಕೊನೆಗೂ ಬಂದ್ಯಲ್ಲಮ್ಮ ದಾರಿಗೆ!" ಎಂದ ಡಬಲ್ ಕ್ಲಚ್.

"ಮನೆಯವರ ಕಾರೇ ಕೂಗ್ತಿದ್ರೆ, ಊರಿಗೆಲ್ಲ ಏನು ಬೋರ್ಡ್ ಹಾಕ್ಕೊಂಡಿದ್ದೀಯಪ್ಪ ಮೇಸ್ತ್ರಿ?" ಎಂದರು ಡಾಕ್ಟರು.

ಸರಿಯಾದ ಕೆಲಸವೆಂದರೆ ಪಕ್ಕದ ಸೀಟನ್ನು ಬಿಚ್ಚಿ, ಅದರ ಕೆಳಗೆ ತೂಕ ತಿಳಿಯುವ ಪಟ್ಟಿಯ ತಂತಿಯೊಂದನ್ನೇ ಬೇರೆ ಮಾಡುವುದು. ಒಂದು ಗಂಟೆಯ ಕೆಲಸ. ಸ್ಕ್ಯಾನರಿನಲ್ಲಿ ಎರಡು ನಿಮಿಷ. ಆದರೆ ಸ್ಕ್ಯಾನರಿನಲ್ಲಿ ಆ ಕಾರಿಗೆ ಇದ್ದದ್ದು ಒಂದೇ ಗುರುತು: ತೆಗೆದರೆ ಐದು ಸೀಟಿನ ಸದ್ದೂ ಒಟ್ಟಿಗೆ ಹೋಗುತ್ತಿತ್ತು. ಅವನು ಬೆಂಚಿನ ಕಡೆ ತಿರುಗಿ, "ಗಡಿಯಾರ ನೋಡ್ಕೊಳ್ಳಿ," ಎಂದ. ತಂತಿ ಸಿಕ್ಕಿಸಿದ, ನಾಲ್ಕು ಗುಂಡಿ ಒತ್ತಿದ, ಇಳಿದ.

"ಮುಗೀತು. ಇನ್ನು ಇದು ಬಾಯಿ ಬಿಡಲ್ಲ."

ಇಬ್ಬರೂ ಚಪ್ಪಾಳೆ ತಟ್ಟಿದರು. ತಂಗಿ ನಗುತ್ತ, "ಅಬ್ಬಾ, ಚೀಲಕ್ಕೆ ಬಿಡುಗಡೆ ಆಯ್ತು," ಎಂದಳು.

ಆ ಮಾತು ಅವನಿಗೆ ಕೇಳಿಸಿತು. ಚೀಲದ್ದು ಮಾತ್ರವಲ್ಲ, ನಿನ್ನದೂ ಹೋಯಿತು ಎಂದು ಹೇಳಬೇಕಿತ್ತು. ಮುಂದಿನ ವಾರ ಸೀಟು ಬಿಚ್ಚಿ ಸರಿಯಾಗಿ ಮಾಡಿ, ಅವಳದ್ದನ್ನು ಮತ್ತೆ ಕೂಡಿಸಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಡಾಕ್ಟರು ಯಾವುದೋ ಹೊಸ ಮಾಡೆಲಿನ ಮಾತು ತೆಗೆದರು.

ಮರುದಿನ, ಸೋಮವಾರ, ಬೆಳಿಗ್ಗೆ ಆರೂಕಾಲಿಗೆ ಅವಳು ನನ್ನ ರಕ್ತ ತೆಗೆದುಕೊಂಡು ಹೊರಟಳು. ಹತ್ತಿ ಮೇಲೆ ಐದು ನಿಮಿಷ ಬೆರಳಿಟ್ಟು ಹಿಡಿದಿರಬೇಕೆಂದು ಎಂದಿನಂತೆ ಹೇಳಿದಳು. ಬೆಲ್ಟ್ ಹಾಕಿಕೊಂಡಳೇ ಎಂದು ನಾನು ನೋಡಲಿಲ್ಲ. ಯಾರೂ ನೋಡುವುದಿಲ್ಲ. ಮುಂದಿನ ದೊಡ್ಡ ಸರ್ಕಲ್ಲಿನಲ್ಲಿ ಸರಕಿನ ವ್ಯಾನೊಂದು ಕೆಂಪು ದೀಪ ಬಿದ್ದ ಮೇಲೂ ನುಗ್ಗಿ ಅವಳ ಕಾರಿಗೆ ಗುದ್ದಿತು. ತಪ್ಪು ವ್ಯಾನಿನದು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಏರ್‌ಬ್ಯಾಗುಗಳು ಬಿಚ್ಚಿಕೊಂಡಿದ್ದವು. ಆದರೆ ಬೆಲ್ಟ್ ಹಿಡಿದಿಡದ ದೇಹ ಅವುಗಳ ಮೇಲೆ ಬೀಳಬೇಕಾದಂತೆ ಬೀಳಲಿಲ್ಲ. ಬೆಲ್ಟ್ ಇದ್ದಿದ್ದರೆ ಉಳಿಯುತ್ತಿದ್ದಳು, ಒಂದೆರಡು ಪಕ್ಕೆಲುಬು ಮುರಿಯುತ್ತಿತ್ತು, ಅಷ್ಟೇ, ಎಂದರಂತೆ ಆಸ್ಪತ್ರೆಯವರು. ಹಿಂದಿನ ಸೀಟಿನ ಪೆಟ್ಟಿಗೆ ಬೆಲ್ಟಿನಲ್ಲಿ ಭದ್ರವಾಗಿತ್ತು. ಐದು ಕೊಳವೆಯೂ ಒಡೆದಿರಲಿಲ್ಲ. ಲ್ಯಾಬಿನವರು ಅವನ್ನು ಪರೀಕ್ಷೆ ಮಾಡಿ ಸಂಜೆಯೊಳಗೆ ಫಲಿತಾಂಶ ಕಳಿಸಿದರು. ನನ್ನ ಸಕ್ಕರೆ ಸರಿಯಾಗಿತ್ತು.

ಮಗಳು ಅಳಲಿಲ್ಲ. ಅವಳಿಗೆ ತಾಯಿಯ ಮೇಲೆ ಸಿಟ್ಟು ಬಂದಿತ್ತು. "ಪೆಟ್ಟಿಗೆಗೆ ಹಾಕಿದ್ಲು, ತನಗೆ ಹಾಕ್ಕೊಳ್ಳಲಿಲ್ಲ. ನನಗೆ ಮಾತ್ರ ದಿನಾ ಪಾಠ," ಎಂದು ಬಂದವರ ಎದುರಿಗೇ ಹೇಳುತ್ತಿದ್ದಳು. ತಾಯಿಯ ಫೋಟೊ ಗೋಡೆಗೆ ಹಾಕಲು ಬಿಡಲಿಲ್ಲ. ತಂದೆ ಗದರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಅವನಿಗೂ ಅದೇ ಪ್ರಶ್ನೆ ಒಳಗೆ ಕೊರೆಯುತ್ತಿತ್ತು. ಮೇಸ್ತ್ರಿ ಪ್ರತಿದಿನ ಹೋಗಿ, ಅವರ ಮನೆಯ ಮೂಲೆಯ ಕುರ್ಚಿಯಲ್ಲಿ ಒಂದು ಗಂಟೆ ಕೂತು ಬರುತ್ತಿದ್ದ. ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ದುಃಖ ಎಂದು ಎಲ್ಲರೂ ತಿಳಿದರು. ದುಃಖವೂ ಹೌದು.

ಮೂರನೆಯ ಭಾನುವಾರ ಬೆಂಚಿನ ಮೇಲೆ ಮತ್ತೆ ಜನ ಕೂತರು.

"ನಾನು ಹೇಳ್ತಾನೇ ಇದ್ದೆ," ಎಂದರು ಡಾಕ್ಟರು. "ಈ ಎಲೆಕ್ಟ್ರಾನಿಕ್ಸ್ ನಂಬೋ ಹಾಗಿಲ್ಲ. ಬೇಡದಾಗೆಲ್ಲ ಕೂಗ್ತಿತ್ತು. ಬೇಕಾದಾಗ ಕೂಗ್ಲಿಲ್ಲ ನೋಡು."

"ಹಳೇ ಗಾಡಿ ಆಗಿದ್ರೆ ಅದನ್ನ ನಂಬ್ಕೊಂಡು ಯಾರು ಕೂರ್ತಿದ್ರು?" ಎಂದ ಡಬಲ್ ಕ್ಲಚ್. "ನಾವೇ ನೋಡ್ಕೋತಿದ್ವಿ. ಹೊಸ ಮಾಡೆಲ್ ಮನುಷ್ಯನ್ನ ಸೋಮಾರಿ ಮಾಡ್ತದೆ."

ಮೂರು ವಾರದ ಹಿಂದೆ ತಾವೇ ಚಪ್ಪಾಳೆ ತಟ್ಟಿದ್ದು ಅವರಿಗೆ ನೆನಪಾಗಲಿಲ್ಲವೋ, ನೆನಪು ಬೇಡವಾಗಿತ್ತೋ ನಾನು ಹೇಳಲಾರೆ. ಅವರ ವಾದಕ್ಕೆ ಒಂದು ಸಾಕ್ಷಿ ಸಿಕ್ಕಿತ್ತು. ಮೇಸ್ತ್ರಿ ಬಾನೆಟ್ಟಿನೊಳಗಿಂದ ತಲೆಯೆತ್ತಲಿಲ್ಲ. ಆ ಕಾರಿನಲ್ಲಿ ಅವನು ಮಾಡುವ ಕೆಲಸವೇನೂ ಇರಲಿಲ್ಲ.

ಆ ಮಾತು ತಂಗಿಯ ಮನೆಗೂ ತಲುಪಿತು. ಸೊಸೆ ಕಾರಿನ ಕೈಪಿಡಿಯನ್ನು ಹುಡುಕಿ ತೆಗೆದು, ಗೆರೆ ಎಳೆದುಕೊಂಡು ಓದಿದಳು. ಚಾಲಕರು ಬೆಲ್ಟ್ ಹಾಕದೆ ಹೊರಟರೆ ಕಾರು ಒಂದೂವರೆ ನಿಮಿಷ ಕೂಗಬೇಕು ಎಂದು ಅದರಲ್ಲಿತ್ತು. ನನ್ನ ಮನೆಯಿಂದ ಸರ್ಕಲ್ಲಿಗೆ ಒಂದು ನಿಮಿಷವೂ ಇಲ್ಲ. ಅಷ್ಟು ಹೊತ್ತು ಕೂಗಿದ್ದನ್ನು ಕೇಳಿಯೂ ಅಮ್ಮ ಸುಮ್ಮನಿರುವವಳಲ್ಲ. ಹಾಗಾದರೆ ಅದು ಕೂಗಲೇ ಇಲ್ಲ; ಕಾರೇ ಕೆಟ್ಟಿತ್ತು. ಮೂರು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂದಿತ್ತಂತೆ. ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಡೋಣವೆಂದು ತಂದೆಯನ್ನು ಒಪ್ಪಿಸಿ, ಕೈಪಿಡಿ ಹಿಡಿದು ಮಾವನ ಅಂಗಡಿಗೆ ಬಂದಳು.

"ಮಾವ, ಆ ಕಾರಿನ ವೈರಿಂಗ್ ನೋಡ್ತಿದ್ದಿದ್ದು ನೀವೇ. ಬೆಲ್ಟಿನ ಅಲಾರಂ ಕೆಟ್ಟಿತ್ತು ಅಂತ ಒಂದು ಹೇಳಿಕೆ ಬರ್ದು ಸಹಿ ಹಾಕಿ ಕೊಡಿ. ದುಡ್ಡು ಬೇಡ ನನಗೆ. ಅಮ್ಮನ ತಪ್ಪಲ್ಲ ಅಂತ ಯಾರಾದ್ರೂ ಒಬ್ರು ಬರ್ದುಕೊಟ್ರೆ ಸಾಕು."

"ಕೊಡ್ತೀನಿ ಮಗು," ಎಂದ ಅವನು.

ಮರುದಿನ ಮಧ್ಯಾಹ್ನ ಅವನು ನನ್ನ ಮನೆಗೆ ಬಂದ. ಕೋರ್ಟಿಗೆ ಹೋಗುವ ಕಾಗದ, ತನ್ನ ಅಕ್ಷರ ಚೆನ್ನಾಗಿಲ್ಲ, ಬರೆದುಕೊಡಬೇಕು ಎಂದ. ನಾನು ಕಾಗದ ಪೆನ್ನು ತೆಗೆದುಕೊಂಡು ಕೂತೆ. ಅವನು ನಿಂತೇ ಹೇಳತೊಡಗಿದ: ತಾನು ಇಂತಹ ಕೆಲಸದವನು, ಇಷ್ಟು ವರ್ಷದ ಅನುಭವ, ಸದರಿ ಕಾರನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೆ. ಅಲ್ಲಿಗೆ ನಿಲ್ಲಿಸಿದ.

"ಅಲಾರಂ ಕೆಟ್ಟಿತ್ತು ಅಂತ ಬರೀರಿ ಮೇಡಂ."

"ನೀನು ಕೊನೆಯ ಸಲ ನೋಡಿದಾಗ ಅದು ಕೂಗುತ್ತಿತ್ತೇ?"

ಕೇಳುವ ಮೊದಲು ನನಗೂ ಉತ್ತರ ಗೊತ್ತಿರಲಿಲ್ಲ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡು, ನಾನು ಮೇಲೆ ಬರೆದದ್ದನ್ನೆಲ್ಲ, ಸ್ಕ್ಯಾನರು, ಎರಡು ನಿಮಿಷ, ಚೀಲದ ಬಿಡುಗಡೆ, ಎಲ್ಲವನ್ನೂ ಹೇಳಿದ. ಅಳುತ್ತ ಹೇಳಲಿಲ್ಲ. ಯಾವ ತಂತಿ ಎಲ್ಲಿ ಹೋಗುತ್ತದೆಂದು ವಿವರಿಸುವ ಹಾಗೆ ಹೇಳಿದ. ನಾನು ಅವನನ್ನು ಸಮಾಧಾನಪಡಿಸಲಿಲ್ಲ. ಸಮಾಧಾನಕ್ಕೆ ಅಲ್ಲಿ ಜಾಗವಿರಲಿಲ್ಲ.

"ನಿಜ ಬರೆದ್ರೆ ಮಗು ಮತ್ತೆ ನನ್ನ ಮುಖ ನೋಡಲ್ಲ," ಎಂದ.

"ನೋಡುವುದಿಲ್ಲ," ಎಂದೆ.

"ಸುಳ್ಳು ಬರೆದ್ರೂ ಅವಳಮ್ಮನ ತಪ್ಪಿಲ್ಲ ಅಂತಲೇ ಆಗ್ತದಲ್ಲ ಮೇಡಂ? ಅವಳಿಗೆ ಬೇಕಾಗಿರೋದು ಅದೇ ಅಲ್ವಾ?"

"ಕಂಪನಿಯವರು ಆ ಕಾರಿನ ಕಂಪ್ಯೂಟರನ್ನು ತೆಗೆದು ನೋಡುವುದಿಲ್ಲವೇ?"

"ನೋಡ್ತಾರೆ. ಸದ್ದು ತೆಗೆದಿರೋದು ಕಾಣ್ತದೆ. ಆದ್ರೆ ಯಾರು ತೆಗೆದ್ರು ಅಂತ ಅದ್ರಲ್ಲಿ ಇರಲ್ಲ."

"ಹಾಗಾದರೆ ಕಾರಿನ ಒಡತಿಯೇ ತೆಗೆಸಿದಳು ಎಂದು ಬರೆಯುತ್ತಾರೆ," ಎಂದೆ. "ಬೆಲ್ಟ್ ಹಾಕಿಕೊಳ್ಳಲು ಬೇಸರವಾಗಿ, ಕೇಳಿ ತೆಗೆಸಿದಳು ಎಂದು. ಅದನ್ನು ನ್ಯಾಯಾಲಯದಲ್ಲಿ ಓದುವಾಗ ಅವಳ ಮಗಳು ಅಲ್ಲಿ ಕೂತಿರುತ್ತಾಳೆ."

ಅವನು ಕುರ್ಚಿಯನ್ನು ಬಿಟ್ಟು, ಅದರ ಮೇಲೆ ಕೂತ. ಇಪ್ಪತ್ತಾರು ವರ್ಷದಲ್ಲಿ ಅವನು ನನ್ನ ಮನೆಯಲ್ಲಿ ಕೂತದ್ದು ಅದೇ ಮೊದಲು. ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ; ಹಳೆಯ ಆಸಿಡ್ಡಿನ ಬಿಳಿ ಕಲೆಗಳಿದ್ದ ಕೈಗಳು. ಹೊರಗೆ ಯಾರೋ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಮಾಡಿ ಹೋದರು.

"ಬೇರೆ ಹಾಳೆ ತಗೊಳ್ಳಿ," ಎಂದ.

ಅರ್ಧ ಹಾಳೆಯೂ ಆಗಲಿಲ್ಲ. ದಿನಾಂಕ, ಏನು ಕೇಳಿದಳು, ತಾನು ಏನು ಮಾಡಿದೆ, ಏನನ್ನು ಹೇಳಲಿಲ್ಲ. ವಿಶೇಷಣಗಳನ್ನು ನಾನು ಸೇರಿಸಲಿಲ್ಲ. "ಕ್ಷಮಿಸಿ ಅಂತ ಹಾಕ್ಬೇಕಾ ಮೇಡಂ?" ಎಂದು ಕೇಳಿದ. ಇದು ಹೇಳಿಕೆ, ಕ್ಷಮೆ ಕೇಳುವುದಿದ್ದರೆ ಬಾಯಲ್ಲಿ ಕೇಳು ಎಂದೆ. ಸಹಿ ಹಾಕಿ, ಮಡಿಸಿ, ಅಂಗಿಯ ಜೇಬಿನಲ್ಲಿ ಟೆಸ್ಟರಿನ ಪಕ್ಕ ಇಟ್ಟುಕೊಂಡು ಹೋದ.

ಮುಂದಿನದನ್ನು ನನಗೆ ಹೇಳಿದವನು ತಂಗಿಯ ಗಂಡ. ಸೊಸೆ ಬಾಗಿಲಲ್ಲೇ ಕೈಚಾಚಿ, "ಬರೆಸಿದ್ರಾ ಮಾವ?" ಎಂದು ಕಾಗದ ತೆಗೆದುಕೊಂಡಳು. ನಿಂತಲ್ಲೇ ಓದಿದಳು. ಕೂತು ಮತ್ತೊಮ್ಮೆ ಓದಿದಳು. ತಲೆಯೆತ್ತಿ ಒಂದೇ ಪ್ರಶ್ನೆ ಕೇಳಿದಳು.

"ತನ್ನದೂ ಹೋಗಿದೆ ಅಂತ ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ ಮಗು. ನಾನು ಹೇಳ್ಲಿಲ್ಲ."

ಅವಳು ಕಾಗದವನ್ನು ಮತ್ತೆ ಮಡಿಸಿದಳಂತೆ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಹಾಗಾದ್ರೆ ಅಮ್ಮ ಮರೆತಿದ್ದಲ್ಲ," ಎಂದಳು. "ಅದು ಕೂಗ್ಲಿ ಅಂತ ಕಾಯ್ತಿದ್ಲು."

ತಾಯಿ ಹೋದ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ. ತಂದೆ ಅವಳ ಭುಜ ಹಿಡಿದುಕೊಂಡ. ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದು, ಕೈ ಏನು ಮಾಡಬೇಕೆಂದು ತಿಳಿಯದೆ ನಿಂತ. ಕ್ಷಮಿಸು ಎಂದು ಅವನು ಬಾಯಿ ತೆರೆಯುವ ಮೊದಲೇ ಅವಳು ಅವನ ಕಡೆ ತಿರುಗದೆ ತಂದೆಗೆ ಹೇಳಿದಳು: "ಅಪ್ಪಾ, ಇವರನ್ನ ಹೋಗೋಕೆ ಹೇಳಿ."

ತಂದೆ ಹೇಳಬೇಕಾಗಲಿಲ್ಲ.

ಮರುದಿನ ತಾಯಿಯ ಫೋಟೊ ಗೋಡೆಗೆ ಬಂತು. ದೂರು ನಿಂತುಹೋಯಿತು. ಮೇಸ್ತ್ರಿಯ ಮೇಲೆ ಅವರು ಎಲ್ಲಿಯೂ ದೂರು ಕೊಡಲಿಲ್ಲ. ಭಾನುವಾರದ ಊಟಕ್ಕೆ ಕರೆಯಲೂ ಇಲ್ಲ. ತಂಗಿಯ ಗಂಡ ದಾರಿಯಲ್ಲಿ ಸಿಕ್ಕರೆ ತಲೆ ಬಾಗಿಸಿ ಹೋಗುವನು.

ಮೇಸ್ತ್ರಿ ಬೆಂಚಿನ ಮೇಲಿದ್ದವರಿಗೂ ವಿಷಯ ಹೇಳಿದ. "ಹೀಗಾಗ್ತದೆ ಅಂತ ನಿನಗೇನು ಕನಸು ಬಿದ್ದಿತ್ತಾ ಮಾರಾಯ," ಎಂದ ಡಬಲ್ ಕ್ಲಚ್. ಹೇಳಿ, ಮುಖ ಒರೆಸಿಕೊಂಡು ಎದ್ದು ಹೋದವನು ಮತ್ತೆ ಬರಲಿಲ್ಲ. ಡಾಕ್ಟರು, "ಹಾಗೆ ಒಂದೇ ಏಟಿಗೆ ಎಲ್ಲ ತೆಗೆಯೋಕೆ ಬಿಟ್ಟಿದ್ದೇ ಕಂಪನಿಯವರ ತಪ್ಪು," ಎಂದು ವಾದ ಹೂಡಿದರು. ಮೇಸ್ತ್ರಿ ತಾನು ಸದ್ದು ತೆಗೆದ ಕಾರುಗಳನ್ನೆಲ್ಲ ನೆನಪಿಸಿಕೊಂಡು ಪಟ್ಟಿ ಮಾಡಿದ್ದ. ಅರವತ್ತಮೂರು. ಒಬ್ಬೊಬ್ಬರಿಗೂ ಫೋನ್ ಮಾಡಿ, ತಂದರೆ ಮೊದಲಿನಂತೆ ಮಾಡಿಕೊಡುತ್ತೇನೆ ಎಂದ. ತಂದವರು ಹತ್ತೊಂಬತ್ತು ಮಂದಿ. ಡಾಕ್ಟರನ್ನು ಎದುರಿಗೇ ಕೇಳಿದ.

"ಸಾರ್, ನಿಮ್ಮದು?"

"ನನಗೆ ಬೇಡಪ್ಪ. ನಾನು ಮರೆಯೋನಲ್ಲ."

ಆ ಸಂಜೆ ಅವನು ಸೀಟನ್ನು ಒಬ್ಬನೇ ಎಳೆದುಕೊಂಡು ಒಳಗೆ ತೆಗೆದುಕೊಂಡು ಹೋದ. ಕಲ್ಲುಹಾಸಿನ ಮೇಲೆ ಇಟ್ಟಿಗೆಗಳು ಕೆಲವು ದಿನ ಇದ್ದವು.

ಎಂಟು ತಿಂಗಳಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಅಂಗಡಿಯ ಮುಂದೆ ಒಂದು ಸಣ್ಣ ಕಾರು ಬಂದು ನಿಂತಿತು. ಯಾರೋ ಓಡಿಸಿ ಮಾರಿದ ಕಾರು. ಹಿಂದಿನ ಬಾಗಿಲಿನಲ್ಲಿ ಹಳೆಯ ಗೀರು ಇತ್ತು. ಸೊಸೆ ಇಳಿದಳು. ಬೇರೆ ಎಲ್ಲೋ ಕಲಿತು ಲೈಸೆನ್ಸ್ ಪಡೆದಿದ್ದಳು. ನಾನು ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ರಸ್ತೆ ಅಗಲವಿಲ್ಲ, ಮಾತು ಕೇಳುತ್ತದೆ.

ಮೇಸ್ತ್ರಿ ಕೈಯಲ್ಲಿದ್ದ ಹಾರ್ನನ್ನು ಕೆಳಗಿಟ್ಟು ಎದ್ದು ನಿಂತ.

"ಮೇಸ್ತ್ರಿ," ಎಂದಳು ಅವಳು. "ಇದು ಐದು ಸೀಟಿಗೂ ಕೂಗ್ತದಾ ನೋಡಿ. ಮಾರಿದವರು ಎಲ್ಲಾದ್ರೂ ತೆಗೆಸಿರಬಹುದು."

ಮಾತು ಬಂದಾಗಿನಿಂದ ಅವಳು ಅವನನ್ನು ಮಾವ ಎಂದೇ ಕರೆದವಳು.

ಅವನು ಸ್ಕ್ಯಾನರ್ ತರಲಿಲ್ಲ. ಚಾಲಕನ ಸೀಟಿನಲ್ಲಿ ಕೂತು ಗುಂಡಿ ಒತ್ತಿದ, ಕಾರು ಕೂಗಿತು. ಬೆಲ್ಟ್ ಹಾಕಿದ, ನಿಂತಿತು. ಬಿಚ್ಚಿದ, ಮತ್ತೆ ಕೂಗಿತು. ಇಳಿದು ಪಕ್ಕದ ಸೀಟಿಗೆ ಹೋದ. ಆಮೇಲೆ ಹಿಂದೆ, ಎಡಕ್ಕೆ, ನಡುವೆ, ಬಲಕ್ಕೆ. ಪ್ರತಿಯೊಂದರಲ್ಲೂ ಕೂತು, ಹಾಕಿ, ಬಿಚ್ಚಿ, ಕಿವಿಗೊಟ್ಟು ಕೇಳಿದ. ಸದ್ದುಗಳನ್ನು ತೆಗೆದು ಹೆಸರಾಗಿದ್ದವನು. ಅವಳು ಕಲ್ಲುಹಾಸಿನ ಮೇಲೆ, ಸೀಟು ಇದ್ದ ಜಾಗದಲ್ಲಿ, ಕೈಕಟ್ಟಿ ನಿಂತಿದ್ದಳು. ಒಮ್ಮೆ ಅಂಗಡಿಯ ಒಳಗೆ ಕಣ್ಣು ಹಾಯಿಸಿದಳು. ಒಳಗೋಡೆಗೆ ಒರಗಿಸಿಟ್ಟ ಸೀಟು ಕಂಡಿರಬೇಕು, ಮುಖ ತಿರುಗಿಸಿದಳು.

"ಐದೂ ಕೂಗ್ತವೆ," ಎಂದ.

"ಸರಿ."

ಅವಳು ಹತ್ತಿ ಕೂತು, ಬೆಲ್ಟ್ ಹಾಕಿಕೊಳ್ಳದೆಯೇ ಹೊರಟಳು. ಕಿಟಕಿ ತೆರೆದಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಕಾರು ಕೂಗತೊಡಗಿದ್ದು ನನಗೂ ಕೇಳಿಸಿತು. ಮೇಸ್ತ್ರಿ ರಸ್ತೆಗಿಳಿದು ಅಲ್ಲಾಡದೆ ನಿಂತುಕೊಂಡ. ತಿರುವಿಗೆ ಸ್ವಲ್ಪ ಮೊದಲು ಸದ್ದು ನಿಂತಿತು.

ಕಾರು ಕಣ್ಣಿಗೆ ಮರೆಯಾದ ಮೇಲೂ ಅವನು ಸ್ವಲ್ಪ ಹೊತ್ತು ಅಲ್ಲೇ ಇದ್ದ. ಹಿಂದಿನಿಂದ ಬಂದ ಇನ್ನೊಂದು ಗಾಡಿ ಹಾರ್ನ್ ಮಾಡಿದಾಗ ಬದಿಗೆ ಸರಿದು, ಕೆಳಗಿಟ್ಟಿದ್ದ ಹಾರ್ನನ್ನು ಎತ್ತಿಕೊಂಡು ಒಳಗೆ ಹೋದ.